ಮಿನಿಯೇಚರ್ ಕುದುರೆ ಪ್ರದರ್ಶನಗಳು ಸಾಧಾರಣ ಕುಟುಂಬಗಳ ಕೈತಪ್ಪದಿರಲಿ

ಮಾನ್ಯ ಸಂಪಾದಕರೇ,

ಅಮೆರಿಕದಲ್ಲಿ ನೆಲೆಸಿ, ಹಲವು ವರ್ಷಗಳಿಂದ ಮಿನಿಯೇಚರ್ ಕುದುರೆಗಳನ್ನು, ಅಂದರೆ ಅತಿ ಪುಟ್ಟ ಗಾತ್ರದ ಕುದುರೆಗಳನ್ನು, ಸಾಕುತ್ತ, ಅವುಗಳ ಪ್ರದರ್ಶನ ಸ್ಪರ್ಧೆಗಳಲ್ಲಿ ಭಾಗವಹಿಸುತ್ತ ಬಂದಿರುವ ನಾನು, ಈ ಸ್ಪರ್ಧೆಗಳ ಖರ್ಚು ಸಾಧಾರಣ ಆದಾಯದ ಕುಟುಂಬಗಳ ಅಳವನ್ನು ಮೀರುತ್ತಿರುವ ಬಗ್ಗೆ ತಮ್ಮ ಪತ್ರಿಕೆಯ ಮೂಲಕ ಕೆಲವು ಮಾತು ಹೇಳಬಯಸುತ್ತೇನೆ. ಪತ್ರಿಕೆಯನ್ನು ಓದುವ ಹೊರನಾಡ ಕನ್ನಡಿಗರಲ್ಲಿ ಮಕ್ಕಳಿಗಾಗಿ ಇಂಥದೊಂದು ಕುದುರೆಯನ್ನು ಕೊಳ್ಳುವ ಯೋಚನೆಯಲ್ಲಿರುವವರು, ಈಗಾಗಲೇ ಸ್ಪರ್ಧೆಗಳಿಗೆ ಹೋಗುತ್ತಿರುವವರು ಇರಬಹುದು. ಕುದುರೆಯ ಬೆಲೆಯನ್ನು ವಿಚಾರಿಸುವಷ್ಟೇ ಜಾಗ್ರತೆಯಿಂದ ಸ್ಪರ್ಧೆಯ ಬೆಲೆಯನ್ನೂ ಅವರು ವಿಚಾರಿಸಬೇಕೆಂಬುದು ನನ್ನ ಕಳಕಳಿ.

ಈ ಕುದುರೆಗಳನ್ನು ಕಂಡಿಲ್ಲದವರಿಗಾಗಿ ಒಂದೆರಡು ಮಾತು ಹೇಳಬೇಕು. ಇಲ್ಲಿ ಮುಖ್ಯವಾಗಿ ಎರಡು ನೋಂದಣಿ ಸಂಸ್ಥೆಗಳಿವೆ. 1978ರಲ್ಲಿ ಸ್ಥಾಪನೆಯಾದ ಅಮೆರಿಕನ್ ಮಿನಿಯೇಚರ್ ಹಾರ್ಸ್ ಅಸೋಸಿಯೇಷನ್ 34 ಇಂಚಿಗಿಂತ ಎತ್ತರದ ಕುದುರೆಯನ್ನು ತನ್ನ ಪಟ್ಟಿಯಲ್ಲಿ ಇರಿಸಿಕೊಳ್ಳುವುದಿಲ್ಲ. 1888ರಿಂದ ಇರುವ ಅಮೆರಿಕನ್ ಶೆಟ್ಲೆಂಡ್ ಪೋನಿ ಕ್ಲಬ್ಬಿನ ಆಶ್ರಯದಲ್ಲಿ ನಡೆಯುವ ಅಮೆರಿಕನ್ ಮಿನಿಯೇಚರ್ ಹಾರ್ಸ್ ರಿಜಿಸ್ಟ್ರಿಯು 34 ಇಂಚಿನವರೆಗೆ ‘ಎ’ ವಿಭಾಗವನ್ನೂ ಅದಕ್ಕೆ ಮೇಲ್ಪಟ್ಟು 38 ಇಂಚಿನವರೆಗೆ ‘ಬಿ’ ವಿಭಾಗವನ್ನೂ ಇಟ್ಟುಕೊಂಡಿದೆ. ದೊಡ್ಡ ಕುದುರೆಗಳ ಎತ್ತರವನ್ನು ಹೆಗಲ ಮೂಳೆಯ ತುದಿಯಲ್ಲಿ ಅಳೆದರೆ, ಇವುಗಳದನ್ನು ಕತ್ತಿನ ಜೂಲು ಮುಗಿಯುವ ಕಡೆಯ ಕೂದಲಿನ ಬಳಿ ಅಳೆಯುತ್ತಾರೆ. ವಯಸ್ಕರು ಇವುಗಳ ಮೇಲೆ ಸವಾರಿ ಮಾಡುವುದಿಲ್ಲ. ಹಾಲ್ಟರ್ (ತಲೆಗೆ ತೊಡಿಸುವ ಪಟ್ಟಿ) ಹಾಕಿ ಮೈಕಟ್ಟನ್ನು ತೋರಿಸುವ ಸ್ಪರ್ಧೆ, ಹಗುರವಾದ ಗಾಡಿ ಕಟ್ಟಿ ಓಡಿಸುವ ಸ್ಪರ್ಧೆ, ಕೈಯಲ್ಲಿ ಹಗ್ಗ ಹಿಡಿದು ಜೊತೆಯಲ್ಲೇ ಓಡುತ್ತ ಬೇಲಿ ಹಾರಿಸುವುದು, ಅಡೆತಡೆಗಳ ನಡುವೆ ನಡೆಸುವುದು, ಕಡಿವಾಣವಿಲ್ಲದೆ ಸಂಗೀತಕ್ಕೆ ಬಯಲಿನಲ್ಲಿ ಬಿಡುವುದು ಮುಂತಾಗಿ ವಿಭಾಗಗಳು ಹಲವು. ಎಂಟು ಹತ್ತು ವರ್ಷದ ಮಗುವೂ ತಾನೇ ಕುದುರೆಯನ್ನು ಸಿದ್ಧಪಡಿಸಿ, ತಾನೇ ಅಂಕಣಕ್ಕೆ ಕರೆದೊಯ್ದು, ತಾನೇ ತೀರ್ಪುಗಾರರ ಎದುರು ನಿಲ್ಲಬಹುದಾದ ಕುದುರೆ ಕ್ರೀಡೆ ಇದಕ್ಕಿಂತ ಬೇರೊಂದನ್ನು ನಾನು ಕಂಡಿಲ್ಲ.

ಪುಟ್ಟ ಕುದುರೆಯಾದ್ದರಿಂದ ಖರ್ಚೂ ಪುಟ್ಟದು ಎಂಬ ನಂಬಿಕೆಯಿಂದಲೇ ಬಹಳಷ್ಟು ಕುಟುಂಬಗಳು ಇದಕ್ಕೆ ಬರುತ್ತವೆ, ಮತ್ತು ಮನೆಯ ಮಟ್ಟಿಗೆ ಆ ನಂಬಿಕೆ ಸುಳ್ಳಲ್ಲ. ಸಾವಿರ ಪೌಂಡು ತೂಗುವ ಕುದುರೆಗೆ ದಿನಕ್ಕೆ 15ರಿಂದ 20 ಪೌಂಡು ಒಣಹುಲ್ಲು ಬೇಕಾದರೆ, 200 ಪೌಂಡು ತೂಗುವ ಮಿನಿಯೇಚರ್‌ಗೆ ಮೂರು ನಾಲ್ಕು ಪೌಂಡು ಸಾಕು. ಅದಕ್ಕಿಂತ ಹೆಚ್ಚು ಹಾಕಿದರೆ ಬೊಜ್ಜು ಬಂದು ಗೊರಸಿನ ಉರಿಯೂತಕ್ಕೆ ದಾರಿಯಾಗುತ್ತದೆ. ಎಕರೆಗಟ್ಟಲೆ ಹುಲ್ಲುಗಾವಲು ಬೇಡ, ಭಾರಿ ಬೇಲಿ ಬೇಡ. ಆದರೆ ಪ್ರದರ್ಶನದ ಮೈದಾನದ ಬಾಗಿಲು ದಾಟಿದ ಕ್ಷಣದಿಂದ ಕುದುರೆಯ ಗಾತ್ರಕ್ಕೆ ಯಾವ ಬೆಲೆಯೂ ಇರುವುದಿಲ್ಲ. ಅಲ್ಲಿ ಲೆಕ್ಕ ತಲೆಯೆಣಿಕೆಯ ಮೇಲೆ. ದೊಡ್ಡ ಕುದುರೆಗಾಗಿ ಕಟ್ಟಿದ ಅದೇ ಲಾಯ, ಅದೇ ಬಾಡಿಗೆ. ರಕ್ತಪರೀಕ್ಷೆಗೆ ಅದೇ ದರ, ಆರೋಗ್ಯ ಪ್ರಮಾಣಪತ್ರಕ್ಕೆ ಅದೇ ದರ, ಪಶುವೈದ್ಯರು ಮನೆಗೆ ಬಂದರೆ ಅದೇ ಭೇಟಿ ಶುಲ್ಕ. ಅದರ ಮೇಲೆ ಚಿಕ್ಕ ಕುದುರೆಗಳಾದ್ದರಿಂದ ಒಂದೇ ಟ್ರೇಲರಿನಲ್ಲಿ ಮೂರು ನಾಲ್ಕು ಹಿಡಿಸುತ್ತವೆ, ಮಗಳಿಗೊಂದು ಮಗನಿಗೊಂದು ಎಂದು ಕರೆದೊಯ್ಯುವ ಆಸೆಯಾಗುತ್ತದೆ, ಪ್ರತಿಯೊಂದು ತಲೆಗೂ ಮೇಲಿನ ಪಟ್ಟಿ ಮೊದಲಿನಿಂದ ಕೊನೆಯವರೆಗೆ ಪುನರಾವರ್ತನೆಯಾಗುತ್ತದೆ.

ಒಂದು ವಾರಾಂತ್ಯದ ಪ್ರದರ್ಶನದ ಬಿಲ್ಲನ್ನು ಬಿಡಿಸಿ ನೋಡಿದರೆ ವಿಷಯ ಸ್ಪಷ್ಟವಾಗುತ್ತದೆ. ಪ್ರತಿ ವಿಭಾಗಕ್ಕೆ ಕೊಡುವ ಪ್ರವೇಶ ಶುಲ್ಕ ಎಲ್ಲರ ಕಣ್ಣಿಗೆ ಬೀಳುವಂಥದು, ಏಕೆಂದರೆ ಪ್ರಕಟಣೆಯಲ್ಲಿ ದಪ್ಪಕ್ಷರದಲ್ಲಿರುವುದು ಅದೇ. ಅದರ ಹಿಂದೆ ಲಾಯದ ಬಾಡಿಗೆ ಇದೆ. ಗಾಡಿ, ಹಾರ್ನೆಸ್ (ಗಾಡಿ ಎಳೆಯಲು ಕುದುರೆಗೆ ಕಟ್ಟುವ ಪಟ್ಟಿಗಳು), ಬಕೆಟ್ಟು, ಬ್ರಷ್ಷುಗಳನ್ನು ಇಡಲು ಬೇಕಾದ ಇನ್ನೊಂದು ಲಾಯದ ಬಾಡಿಗೆ ಇದೆ. ಹಾಸಲು ಮರದ ಹೊಟ್ಟಿನ ಮೂಟೆಗಳಿವೆ, ಹಲವು ಮೈದಾನಗಳಲ್ಲಿ ಅವನ್ನು ಹೊರಗಿನಿಂದ ತರುವಂತಿಲ್ಲ, ಅಲ್ಲಿಯೇ ಅವರು ಹೇಳಿದ ಬೆಲೆಗೆ ಕೊಳ್ಳಬೇಕು. ಮೈದಾನ ಶುಲ್ಕ, ಕಚೇರಿ ಶುಲ್ಕ, ಉದ್ದೀಪನ ಮದ್ದಿನ ತಪಾಸಣೆಯ ಶುಲ್ಕ, ಸದಸ್ಯರಲ್ಲದವರ ಶುಲ್ಕ, ತಡವಾಗಿ ಹೆಸರು ಕೊಟ್ಟವರ ದಂಡ, ರಾತ್ರಿ ತಂಗುವ ವಾಹನಕ್ಕೆ ವಿದ್ಯುತ್ ಸಂಪರ್ಕದ ಬಾಡಿಗೆ ಇವೆಲ್ಲ ಬಿಡಿಬಿಡಿಯಾಗಿ ಸಣ್ಣವು. ಒಂದೇ ಕುದುರೆಯನ್ನು ಎರಡು ವಿಭಾಗಗಳಿಗಷ್ಟೇ ತಂದ ಕುಟುಂಬಕ್ಕೆ ಈ ‘ಸಣ್ಣ’ ಶುಲ್ಕಗಳ ಮೊತ್ತವೇ ಪ್ರವೇಶ ಶುಲ್ಕವನ್ನು ಮೀರಿಸುತ್ತದೆ. ಹತ್ತು ಕುದುರೆಗಳನ್ನು ಹತ್ತಾರು ವಿಭಾಗಗಳಿಗೆ ತಂದವರಿಗೆ ಆ ಹೊರೆ ಹಂಚಿಹೋಗುತ್ತದೆ, ಒಂದೇ ಕುದುರೆಯವರಿಗೆ ಹಂಚಿಕೊಳ್ಳಲು ಎರಡನೆಯದಿಲ್ಲ. ದುಬಾರಿಯಾಯಿತೆಂದು ನಾವು ಸಾಮಾನ್ಯವಾಗಿ ದೂರುವುದು ಪ್ರವೇಶ ಶುಲ್ಕವನ್ನು. ನಿಜವಾಗಿ ಚಿಕ್ಕವರನ್ನು ಹೊರಗೆ ತಳ್ಳುತ್ತಿರುವುದು ಈ ಸ್ಥಿರ ಶುಲ್ಕಗಳು ಎಂಬುದು ನನ್ನ ದೃಢವಾದ ಅಭಿಪ್ರಾಯ.

ತೀರ್ಪುಗಾರರ ಸಂಖ್ಯೆಯ ಪ್ರಶ್ನೆಯೂ ಇದಕ್ಕೆ ಸೇರಿದ್ದೇ. ಒಂದೇ ವಿಭಾಗವನ್ನು ಇಬ್ಬರು ಮೂವರು ತೀರ್ಪುಗಾರರು ಒಟ್ಟಿಗೆ ನೋಡಿ ಬೇರೆಬೇರೆಯಾಗಿ ಅಂಕ ಕೊಡುವ ಪದ್ಧತಿಯಿದೆ. ವರ್ಷಾಂತ್ಯದ ದೊಡ್ಡ ಸ್ಪರ್ಧೆಗೆ ಬೇಕಾದ ಅರ್ಹತೆಯನ್ನು ಕಡಿಮೆ ಪ್ರಯಾಣದಲ್ಲಿ ಗಳಿಸಲು ಇದರಿಂದ ಅನುಕೂಲವಾಗುತ್ತದೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಪ್ರತಿ ತೀರ್ಪುಗಾರರ ಸಂಭಾವನೆ, ವಿಮಾನದ ಟಿಕೆಟ್ಟು, ಹೋಟೆಲು ಎಲ್ಲವೂ ಕೊನೆಗೆ ಸ್ಪರ್ಧಿಯ ಮೇಲೆ ಬೀಳುತ್ತವೆ, ಶುಲ್ಕವನ್ನು ತೀರ್ಪುಗಾರರ ತಲೆಗಿಷ್ಟು ಎಂದು ಗುಣಿಸುವ ಕಡೆಗಳಲ್ಲಂತೂ ಅದು ನೇರವಾಗಿಯೇ ಬೀಳುತ್ತದೆ. ಅರ್ಹತೆಯ ಹಂಗಿಲ್ಲದೆ, ಕಲಿಯಲಷ್ಟೇ ಬಂದ ಮಗುವಿಗೆ ಮೂವರು ತೀರ್ಪುಗಾರರ ಅಗತ್ಯವಿಲ್ಲ. ಮೂವರ ಹಣವನ್ನು ಮಾತ್ರ ಅದರ ತಂದೆತಾಯಿ ಕಟ್ಟುತ್ತಾರೆ.

ಇನ್ನು ಸಿದ್ಧತೆ. ಇದರ ಖರ್ಚು ಹೊರಗಿನವರಿಗೆ ತಿಳಿಯುವುದೇ ಇಲ್ಲ. ಮಿನಿಯೇಚರ್‌ಗೆ ಚಳಿಗಾಲದಲ್ಲಿ ಕರಡಿಯ ಹಾಗೆ ಕೂದಲು ಬೆಳೆಯುತ್ತದೆ. ವಸಂತದ ಮೊದಲ ಸ್ಪರ್ಧೆಗೆ ಅದು ರೇಷ್ಮೆಯಂತೆ ಕಾಣಬೇಕಾದರೆ ಚಳಿಗಾಲವಿಡೀ ಲಾಯದಲ್ಲಿ ದೀಪ ಉರಿಸಿ, ಹೊದಿಕೆ ಹೊದಿಸಿ, ಹಗಲು ಉದ್ದವಾಯಿತೆಂದು ಕುದುರೆಯ ಮೈ ನಂಬುವಂತೆ ಮಾಡಬೇಕು. ಸ್ಪರ್ಧೆಗೆ ಕೆಲವೇ ದಿನ ಮುಂಚೆ ಸ್ನಾನ ಮಾಡಿಸಿ, ಪೂರ್ತಿಯಾಗಿ ಒಣಗಿಸಿ, ಕಿವಿಯ ತುದಿಯಿಂದ ಗೊರಸಿನ ಅಂಚಿನವರೆಗೆ ಇಡೀ ಮೈಯ ಕೂದಲನ್ನು ಕತ್ತರಿಸಬೇಕು. ಮುಖಕ್ಕೆ, ಮೂತಿಗೆ ಇನ್ನೂ ಸಣ್ಣ ಹಲ್ಲಿನ ಬ್ಲೇಡು ಬೇಕು; ಒಂದು ಗೆರೆ ಉಳಿದರೂ ದೀಪದ ಬೆಳಕಿನಲ್ಲಿ ಎದ್ದು ಕಾಣುತ್ತದೆ. ಮುಂದಿನ ಸ್ಪರ್ಧೆಯ ಹೊತ್ತಿಗೆ ಕೂದಲು ಮತ್ತೆ ಬಂದಿರುತ್ತದೆ, ಕೆಲಸ ಮತ್ತೆ ಮೊದಲಿನಿಂದ. ಕ್ಲಿಪರ್ ಯಂತ್ರ, ಸಾಣೆ ಹಿಡಿಸಬೇಕಾದ ಬ್ಲೇಡುಗಳು, ಬೆಳ್ಳಿಯ ಕುಸುರಿಯಿರುವ ಚರ್ಮದ ಹಾಲ್ಟರ್, ಗೊರಸಿಗೆ ಬಳಿಯುವ ಕಪ್ಪು, ಕುದುರೆಯ ಬಣ್ಣಕ್ಕೆ ಒಪ್ಪುವ ಉಡುಪು, ಹೀಗೆ ಪಟ್ಟಿ ಬೆಳೆಯುತ್ತದೆ. ಗಾಡಿಯ ವಿಭಾಗಕ್ಕೆ ಹೋದರೆ ಹಾರ್ನೆಸ್ ಮತ್ತು ಗಾಡಿ ಸೇರುತ್ತವೆ, ಒಮ್ಮೊಮ್ಮೆ ಇವೆರಡರ ಬೆಲೆಯೇ ಕುದುರೆಯ ಬೆಲೆಯನ್ನು ಹಿಂದಿಕ್ಕುತ್ತದೆ. ಇದೆಲ್ಲವೂ ವ್ಯರ್ಥ ಎನ್ನಲಾರೆ. ಕೂದಲು ಕತ್ತರಿಸುತ್ತ ಗಂಟೆಗಟ್ಟಲೆ ಕುದುರೆಯ ಪಕ್ಕದಲ್ಲಿ ನಿಲ್ಲುವ ಮಗು ಅದರ ಮೈಯ ಪ್ರತಿಯೊಂದು ಗಾಯ, ಗಂಟು, ಸೂಕ್ಷ್ಮವನ್ನು ಅರಿಯುತ್ತದೆ. ಆದರೆ ಬೆಳ್ಳಿಯ ಹಾಲ್ಟರಿಲ್ಲದ ಕುದುರೆ ಒಳ್ಳೆಯ ಮೈಕಟ್ಟಿದ್ದೂ ಸಾಲಿನ ಕೊನೆಗೆ ನಿಂತೀತೆಂಬ ಭಯ ಸ್ಪರ್ಧಿಗಳಲ್ಲಿ ಬೇರೂರಿರುವುದು ಒಳ್ಳೆಯದಲ್ಲ, ಮತ್ತು ಆ ಭಯವನ್ನು ತೊಡೆಯುವುದು ತೀರ್ಪುಗಾರರ ಕೈಯಲ್ಲೇ ಇದೆ.

ಪ್ರಯಾಣದ ಖರ್ಚಿನ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ, ಲೆಕ್ಕವೇ ಹೇಳುತ್ತದೆ. 2022ರ ಜೂನಿನಲ್ಲಿ ಅಮೆರಿಕದ ಸರಾಸರಿ ಡೀಸೆಲ್ ಬೆಲೆ ಗ್ಯಾಲನ್ನಿಗೆ 5.8 ಡಾಲರಿನವರೆಗೆ ಏರಿ ದಾಖಲೆ ಮಾಡಿತು. ಅಮೆರಿಕನ್ ಮಿನಿಯೇಚರ್ ಹಾರ್ಸ್ ಅಸೋಸಿಯೇಷನ್ನಿನ ವಿಶ್ವ ಪ್ರದರ್ಶನ ಬಹಳ ವರ್ಷ ಟೆಕ್ಸಾಸ್‌ನ ಫೋರ್ಟ್ ವರ್ತ್‌ನಲ್ಲಿ ನಡೆದಿದೆ. ರಿಜಿಸ್ಟ್ರಿಯ ರಾಷ್ಟ್ರೀಯ ಪ್ರದರ್ಶನ ಒಕ್ಲಹೋಮಾದ ಟಲ್ಸಾದಲ್ಲಿ ನಡೆಯುತ್ತ ಬಂದಿದೆ. ಬಾಸ್ಟನ್ನಿನಿಂದ ಫೋರ್ಟ್ ವರ್ತ್‌ಗೆ ರಸ್ತೆಯಲ್ಲಿ 1,700 ಮೈಲಿಗೂ ಹೆಚ್ಚು. ಟ್ರೇಲರ್ ಎಳೆಯುವ ಟ್ರಕ್ಕು ಗ್ಯಾಲನ್ನಿಗೆ ಹತ್ತು ಮೈಲಿ ಓಡಿದರೆ, ಆ ಬೆಲೆಯಲ್ಲಿ ಹೋಗಿಬರುವ ಇಂಧನಕ್ಕೇ ಸುಮಾರು ಎರಡು ಸಾವಿರ ಡಾಲರು. ಬೆಲೆ ಆಮೇಲೆ ಇಳಿಯಿತು ನಿಜ. ಆದರೆ ಆ ವರ್ಷ ಮನೆಯಲ್ಲುಳಿದ ಕುಟುಂಬಗಳೆಲ್ಲ ಬೆಲೆ ಇಳಿದೊಡನೆ ಮರಳಿ ಬರುವುದಿಲ್ಲ. ಮಕ್ಕಳು ದೊಡ್ಡವರಾಗುತ್ತಾರೆ, ಟ್ರೇಲರು ಮಾರಾಟವಾಗಿರುತ್ತದೆ.

ಪಶುವೈದ್ಯಕೀಯದ ಸಂಗತಿ ಇನ್ನೂ ಗಂಭೀರವಾದುದು. ಕುದುರೆಗಳ ಸಾಂಕ್ರಾಮಿಕ ರಕ್ತಹೀನತೆಯನ್ನು ಪತ್ತೆಮಾಡುವ, 1970ರಲ್ಲಿ ಡಾ. ಲಿರಾಯ್ ಕಾಗಿನ್ಸ್ ರೂಪಿಸಿದ ಪರೀಕ್ಷೆಯ ಫಲಿತಾಂಶವಿಲ್ಲದೆ ಪ್ರದರ್ಶನಕ್ಕೆ ಪ್ರವೇಶವಿಲ್ಲ. ರಾಜ್ಯದ ಗಡಿ ದಾಟಲು ಪ್ರತ್ಯೇಕ ಆರೋಗ್ಯ ಪ್ರಮಾಣಪತ್ರ ಬೇಕು, ಅದರ ಅವಧಿ ಸಾಮಾನ್ಯವಾಗಿ 30 ದಿನ. ಈ ನಿಯಮಗಳನ್ನು ಸಡಿಲಿಸಿ ಎಂದು ನಾನು ಖಂಡಿತ ಕೇಳುವುದಿಲ್ಲ, ನೂರಾರು ಕುದುರೆಗಳು ಒಂದೆಡೆ ಸೇರುವಾಗ ಅವು ಬೇಕೇಬೇಕು. ಆದರೆ ಪ್ರಮಾಣಪತ್ರ ಕೊಡಬೇಕಾದ ವೈದ್ಯರೇ ವಿರಳವಾಗುತ್ತಿದ್ದಾರೆ. ಕುದುರೆ ವೈದ್ಯರ ರಾಷ್ಟ್ರೀಯ ಸಂಘಟನೆಯಾದ ಅಮೆರಿಕನ್ ಅಸೋಸಿಯೇಷನ್ ಆಫ್ ಈಕ್ವೈನ್ ಪ್ರಾಕ್ಟಿಷನರ್ಸ್ ಹೇಳುವಂತೆ, ಹೊಸದಾಗಿ ಪಶುವೈದ್ಯ ಪದವಿ ಪಡೆಯುವವರಲ್ಲಿ ನೇರವಾಗಿ ಕುದುರೆ ವೈದ್ಯಕೀಯಕ್ಕೆ ಬರುವವರು ಶೇಕಡಾ 1.3ರ ಆಸುಪಾಸು, ಬಂದವರಲ್ಲಿ ಅರ್ಧದಷ್ಟು ಮಂದಿ ಐದು ವರ್ಷಗಳೊಳಗೆ ಬಿಟ್ಟುಹೋಗುತ್ತಾರೆ. ವೈದ್ಯರು ಕಡಿಮೆಯಾದಂತೆ ದೂರದಿಂದ ಬರುವವರ ಭೇಟಿ ಶುಲ್ಕ ಏರುವುದು ಸಹಜ. ಮಿನಿಯೇಚರ್‌ಗಳ ಸಣ್ಣ ದವಡೆಯಲ್ಲಿ ಹಲ್ಲುಗಳು ಇಕ್ಕಟ್ಟಾಗುವುದರಿಂದ ದಂತ ಚಿಕಿತ್ಸೆ ಹೆಚ್ಚು ಬೇಕು, ಪ್ರಯಾಣದ ಒತ್ತಡದಲ್ಲಿ ಮೇವು ಬಿಟ್ಟರೆ ರಕ್ತದಲ್ಲಿ ಕೊಬ್ಬಿನಂಶ ಏರಿ ಪ್ರಾಣಕ್ಕೇ ಅಪಾಯವಾಗಬಲ್ಲ ಕಾಯಿಲೆ ಬರುತ್ತದೆ. ಹಣ ಉಳಿಸಲು ಹೋಗಿ ವೈದ್ಯರನ್ನು ಕೈಬಿಡುವ ಸ್ಥಿತಿ ಯಾವ ಸಾಕಣೆದಾರರಿಗೂ ಬರಬಾರದು. ಹಲವು ರಾಜ್ಯಗಳು ಪರಸ್ಪರ ಒಪ್ಪಿಕೊಂಡಿರುವ ಆರು ತಿಂಗಳ ವಿಸ್ತೃತ ಪ್ರಮಾಣಪತ್ರವೊಂದಿದೆ. ತಿಂಗಳು ತಿಂಗಳು ಗಡಿ ದಾಟುವವರು ಅದನ್ನು ತಮ್ಮ ವೈದ್ಯರಲ್ಲಿ ಕೇಳಿಕೊಳ್ಳುವುದು ಒಳ್ಳೆಯದು.

ಎರಡು ಸಂಸ್ಥೆಗಳಿರುವುದರಿಂದ ಒಂದೇ ಕುದುರೆಯನ್ನು ಎರಡೂ ಕಡೆ ನೋಂದಾಯಿಸುವವರು ಬಹಳ. ಎರಡು ಸದಸ್ಯತ್ವ, ಮಾಲೀಕತ್ವ ಬದಲಾದರೆ ಎರಡು ವರ್ಗಾವಣೆ ಶುಲ್ಕ. ಬೆಳವಣಿಗೆ ಮುಗಿಯುವವರೆಗೆ ತಾತ್ಕಾಲಿಕ ನೋಂದಣಿ, ನಂತರ ಮತ್ತೆ ಅಳೆದು ಶಾಶ್ವತ ನೋಂದಣಿ. 34 ಇಂಚನ್ನು ಒಂದು ಎಳೆಯಷ್ಟು ಮೀರಿದ ಕುದುರೆ ಒಂದು ಸಂಸ್ಥೆಯ ಪಟ್ಟಿಯಿಂದ ಹೊರಬಿದ್ದು, ಅದಕ್ಕಾಗಿ ಅಲ್ಲಿ ಕಟ್ಟಿದ ಹಣವೆಲ್ಲ ಹೋಗುತ್ತದೆ.

ವೃತ್ತಿಪರ ತರಬೇತುದಾರರ ವಿಷಯವನ್ನು ಎಚ್ಚರದಿಂದ ಹೇಳುತ್ತೇನೆ, ಏಕೆಂದರೆ ಈ ಕ್ರೀಡೆಯಲ್ಲಿ ನಾವು ಕಲಿತದ್ದರಲ್ಲಿ ಬಹುಪಾಲು ಅವರಿಂದ ಬಂದುದು. ಮಾಲೀಕರು ತಿಂಗಳಿಗಿಷ್ಟು ಎಂದು ಕೊಟ್ಟು ಕುದುರೆಯನ್ನು ತರಬೇತುದಾರರ ಲಾಯದಲ್ಲಿ ಬಿಡುತ್ತಾರೆ, ಸ್ಪರ್ಧೆಯ ದಿನ ಬಂದು ಹಗ್ಗ ಹಿಡಿದು ಅಂಕಣಕ್ಕೆ ಹೋಗುತ್ತಾರೆ. ಹಣ ಪಡೆದು ತರಬೇತಿ ಕೊಡದವರಾದ್ದರಿಂದ ಅವರು ಹವ್ಯಾಸಿಗಳೇ. ಅದೇ ಹವ್ಯಾಸಿ ವಿಭಾಗದಲ್ಲಿ, ಕೆಲಸದಿಂದ ಮನೆಗೆ ಬಂದು ರಾತ್ರಿ ಕೊಟ್ಟಿಗೆಯ ದೀಪದಲ್ಲಿ ತಾವೇ ಕುದುರೆಯನ್ನು ಓಡಿಸಿ ಬೆವರಿಳಿಸಿ ಪಳಗಿಸಿದವರೂ ನಿಲ್ಲುತ್ತಾರೆ. ನಿಯಮದ ಪ್ರಕಾರ ಇಬ್ಬರೂ ಸಮಾನರು. ಖರ್ಚಿನ ಪ್ರಕಾರ ಅಲ್ಲ. ಸ್ವಂತ ಕುದುರೆಯನ್ನು ಮನೆಯಲ್ಲಿಯೇ ಸಾಕಿ, ತಾವೇ ಪಳಗಿಸಿ, ತಾವೇ ಪ್ರದರ್ಶಿಸುವವರಿಗೆ ಪ್ರತಿಯೊಂದು ಪ್ರದರ್ಶನದಲ್ಲೂ ಪ್ರತ್ಯೇಕ ವಿಭಾಗವಿರಬೇಕೆಂದು ನಾನು ಕೇಳುವುದು ಇದರಿಂದಾಗಿ.

ಸಂಘಟಕರ ಕಷ್ಟವನ್ನು ಮರೆತು ಮಾತಾಡುವುದು ನ್ಯಾಯವಲ್ಲ. ಸ್ಥಳೀಯ ಪ್ರದರ್ಶನಗಳಲ್ಲಿ ಹೆಚ್ಚಿನವನ್ನು ನಡೆಸುವವರು ಸಂಬಳವಿಲ್ಲದ ಸ್ವಯಂಸೇವಕರು. ಮೈದಾನದ ಬಾಡಿಗೆ, ವಿಮೆ, ತುರ್ತು ಚಿಕಿತ್ಸಾ ಸಿಬ್ಬಂದಿ, ಧ್ವನಿವರ್ಧಕ, ರಿಬ್ಬನ್ನು ಇವುಗಳಿಗೆ ನೂರು ಕುದುರೆ ಬಂದರೂ ಅಷ್ಟೇ ಖರ್ಚು, ನಲವತ್ತು ಬಂದರೂ ಅಷ್ಟೇ. ಕುದುರೆಗಳು ಕಡಿಮೆಯಾದರೆ ಉಳಿದವರ ಶುಲ್ಕವನ್ನು ಏರಿಸದೆ ಅವರಿಗೆ ಬೇರೆ ದಾರಿ ಕಾಣುವುದಿಲ್ಲ. ಏರಿಸಿದರೆ ಮುಂದಿನ ವರ್ಷ ಇನ್ನಷ್ಟು ಮಂದಿ ಬರುವುದಿಲ್ಲ. ಈ ಸುಳಿಯಲ್ಲಿ ಮೊದಲು ಮುಳುಗುವುದು ಸ್ಥಳೀಯ ಸಣ್ಣ ಪ್ರದರ್ಶನಗಳು. ಅವು ನಿಂತುಹೋದರೆ ಆ ಪ್ರದೇಶದವರು ಮುಂದಿನ ರಾಜ್ಯಕ್ಕೆ ಹೋಗಬೇಕು, ಅಂದರೆ ಇಂಧನ, ಹೋಟೆಲು, ರಜೆ. ರಾಷ್ಟ್ರ ಮಟ್ಟದ ಪ್ರದರ್ಶನ ಎಷ್ಟೇ ವೈಭವದಿಂದ ನಡೆದರೂ ಅಲ್ಲಿಗೆ ಬರುವವರು ತಯಾರಾಗುವುದು ಈ ಸಣ್ಣ ಮೈದಾನಗಳಲ್ಲಿಯೇ ಎಂಬುದನ್ನು ಎರಡೂ ಸಂಸ್ಥೆಗಳು ಮನಗಾಣಬೇಕು.

ಇದರ ಪರಿಣಾಮ ಮನುಷ್ಯರ ನಿರಾಸೆಯಲ್ಲಿ ಮುಗಿಯುವುದಿಲ್ಲ. ಮಿನಿಯೇಚರ್ ಕುದುರೆಗಳು ದೀರ್ಘಾಯುಷಿಗಳು, ಚೆನ್ನಾಗಿ ನೋಡಿಕೊಂಡರೆ ಇಪ್ಪತ್ತೈದು ಮೂವತ್ತು ವರ್ಷ ಬದುಕುತ್ತವೆ. ಪ್ರದರ್ಶನಕ್ಕೆಂದೇ ಕೊಂಡ ಕುದುರೆ ಪ್ರದರ್ಶನ ನಿಂತ ಮೇಲೆ ಕೆಲವರ ಮನೆಯಲ್ಲಿ ಹೊರೆಯಾಗುತ್ತದೆ. ಬೀಜ ಒಡೆಸಿದ ಗಂಡು ಕುದುರೆಗಳಿಗಂತೂ (ಇವುಗಳನ್ನು ಗೆಲ್ಡಿಂಗ್ ಎನ್ನುತ್ತಾರೆ) ಮರಿ ಹಾಕಿಸುವ ಬೆಲೆಯೂ ಇಲ್ಲ. ಸಾರ್ವಜನಿಕ ಹರಾಜುಗಳಲ್ಲಿ, ಪ್ರಾಣಿರಕ್ಷಣಾ ಕೇಂದ್ರಗಳಲ್ಲಿ ಈ ಪುಟ್ಟ ಕುದುರೆಗಳು ಕಾಣಿಸಿಕೊಳ್ಳುತ್ತಲೇ ಇರುವುದನ್ನು ಈ ವಲಯದವರೆಲ್ಲ ಬಲ್ಲರು. ಹತ್ತು ಹನ್ನೆರಡು ವರ್ಷದ ಶಾಂತ ಸ್ವಭಾವದ ಗೆಲ್ಡಿಂಗ್‌ಗೆ ಮಗುವೊಂದರ ಜೊತೆ ಅಂಕಣದಲ್ಲಿ ನಿಲ್ಲುವ ಅವಕಾಶ ಕಡಿಮೆ ಖರ್ಚಿನಲ್ಲಿ ಇದ್ದರೆ ಅದಕ್ಕೊಂದು ಮನೆ ಇರುತ್ತದೆ. ನನಗೆ ಈ ಇಡೀ ವಿಷಯದಲ್ಲಿ ಅತ್ಯಂತ ನೋವಿನ ಸಂಗತಿ ಇದೇ.

ಹಾಗಾದರೆ ಮಾಡಬಹುದಾದುದೇನು? ಲಾಯವನ್ನೇ ಪಡೆಯದೆ, ಬೆಳಿಗ್ಗೆ ಬಂದು ಟ್ರೇಲರಿನ ಪಕ್ಕದಲ್ಲೇ ಕುದುರೆ ಕಟ್ಟಿ ಸಂಜೆ ಮನೆಗೆ ಮರಳಬಹುದಾದ ಒಂದು ದಿನದ ಪ್ರದರ್ಶನಗಳು ಹೆಚ್ಚಬೇಕು. ಲಾಯ ಬೇಕಾದ ಕಡೆ, ಜೊತೆಯಲ್ಲಿ ಬೆಳೆದ ಎರಡು ಪುಟ್ಟ ಕುದುರೆಗಳು ನಡುವೆ ತಡಿಕೆ ಹಾಕಿದ ಒಂದೇ ಲಾಯದಲ್ಲಿ ಸುಖವಾಗಿ ಇರಬಲ್ಲವು. ಅದಕ್ಕೆ ಸಂಘಟಕರು ಎರಡು ಬಾಡಿಗೆ ಕೇಳಬಾರದು. ಒಂದೇ ಮೈದಾನವನ್ನು ಒಂದೇ ವಾರಾಂತ್ಯಕ್ಕೆ ಬಾಡಿಗೆಗೆ ಹಿಡಿದು, ಎರಡೂ ನೋಂದಣಿ ಸಂಸ್ಥೆಗಳ ಪ್ರದರ್ಶನವನ್ನು ಬೆನ್ನುಬೆನ್ನಿಗೆ ನಡೆಸಿದರೆ ಬಾಡಿಗೆಯೂ ಪ್ರಯಾಣವೂ ಹಂಚಿಹೋಗುತ್ತವೆ. ಯುವ ವಿಭಾಗದ ಮಕ್ಕಳಿಗೆ ಕಚೇರಿ ಶುಲ್ಕ, ಮೈದಾನ ಶುಲ್ಕಗಳನ್ನು ಪೂರ್ತಿ ಬಿಟ್ಟುಬಿಡಬೇಕು, ಮಗು ಬಂದರೆ ಜೊತೆಗೆ ದೊಡ್ಡವರೂ ಬಂದು ತಮ್ಮ ವಿಭಾಗಗಳಿಗೆ ಹೆಸರು ಕೊಡುತ್ತಾರೆ. 2020ರ ಸೋಂಕಿನ ಕಾಲದಲ್ಲಿ ವಿಡಿಯೊ ಕಳುಹಿಸಿ ತೀರ್ಪು ಪಡೆಯುವ ಸ್ಪರ್ಧೆಗಳು ಹಲವು ತಳಿಗಳಲ್ಲಿ ನಡೆದವು. ಅವು ನಿಜವಾದ ಅಂಕಣಕ್ಕೆ ಸಮವಲ್ಲ, ಅಪರಿಚಿತ ಕುದುರೆಗಳ ನಡುವೆ ತಾಳ್ಮೆಯಿಂದ ನಿಲ್ಲುವುದನ್ನು ಯಾವ ವಿಡಿಯೊವೂ ಕಲಿಸುವುದಿಲ್ಲ. ಆದರೂ ಮರಿ ಕುದುರೆಯ ಮೊದಲ ವರ್ಷಕ್ಕೆ, ದೂರದ ಊರಿನವರಿಗೆ ಅದೊಂದು ಒಳ್ಳೆಯ ಮೆಟ್ಟಿಲು.

ಎಲ್ಲಕ್ಕಿಂತ ಸುಲಭವಾದುದು, ಒಂದು ಡಾಲರೂ ಖರ್ಚಿಲ್ಲದುದು ಇನ್ನೊಂದಿದೆ. ಪ್ರತಿ ಪ್ರದರ್ಶನದ ಪ್ರಕಟಣೆಯ ಮೊದಲ ಪುಟದಲ್ಲೇ ‘ಒಂದು ಕುದುರೆ, ಎರಡು ವಿಭಾಗ, ಎರಡು ರಾತ್ರಿ’ ಎಂಬ ಲೆಕ್ಕಕ್ಕೆ ಎಲ್ಲ ಶುಲ್ಕಗಳನ್ನೂ ಕೂಡಿಸಿ ಒಟ್ಟು ಮೊತ್ತವನ್ನು ಮುದ್ರಿಸಬೇಕು. ಒಂದು ಕುಟುಂಬ ಆ ಸಂಖ್ಯೆಯನ್ನು ನೋಡಿ ಬರಬೇಕೋ ಬೇಡವೋ ಎಂದು ಮನೆಯಲ್ಲಿಯೇ ತೀರ್ಮಾನಿಸಬಹುದು, ಸಂಘಟಕರೂ ಪಕ್ಕದ ಪ್ರದರ್ಶನದ ಸಂಖ್ಯೆಯೊಡನೆ ತಮ್ಮದನ್ನು ಹೋಲಿಸಿಕೊಳ್ಳಬೇಕಾಗುತ್ತದೆ.

ಹೊಸದಾಗಿ ಬರಲಿರುವವರಿಗೆ ನನ್ನ ವಿನಂತಿಯಿಷ್ಟೆ: ಕುದುರೆ ಕೊಳ್ಳುವ ಮುಂಚೆ ಒಂದು ಸ್ಥಳೀಯ ಪ್ರದರ್ಶನಕ್ಕೆ ಬರಿಗೈಯಲ್ಲಿ ಹೋಗಿ, ಲಾಯಗಳ ಸಾಲಿನಲ್ಲಿ ನಡೆದು, ತಾವೇ ಕೂದಲು ಕತ್ತರಿಸುತ್ತಿರುವವರ ಬಳಿ ನಿಂತು ಮಾತಾಡಿಸಿ, ಕಳೆದ ವರ್ಷ ಒಟ್ಟು ಎಷ್ಟು ಖರ್ಚಾಯಿತೆಂದು ಕೇಳಿ. ಮರಿಯ ಬದಲು ಪಳಗಿದ, ವಯಸ್ಸಾದ ಗೆಲ್ಡಿಂಗ್ ಕೊಳ್ಳಿ. ಹಳೆಯ ಹಾರ್ನೆಸ್ಸು, ಹಳೆಯ ಗಾಡಿ ಸಾಕು. ಚರ್ಮ ಗಟ್ಟಿಯಾಗಿದೆಯೇ, ಹೊಲಿಗೆ ಬಿಟ್ಟಿಲ್ಲವೇ ಎಂಬುದನ್ನು ಮಾತ್ರ ಬಲ್ಲವರಿಂದ ನೋಡಿಸಿಕೊಳ್ಳಿ. ಮೊದಲ ವರ್ಷ ಒಂದೇ ಸಂಸ್ಥೆಯ ಸದಸ್ಯತ್ವ ಪಡೆದು, ಮನೆಗೆ ಹತ್ತಿರದ ಪ್ರದರ್ಶನಗಳಿಗಷ್ಟೇ ಹೋಗಿ. ಅಲ್ಲಿ ಸಂಘಟಕರು ಸಿಕ್ಕಾಗ, ಒಂದೇ ಕುದುರೆಯವರಿಗೆ ಈ ಪ್ರದರ್ಶನದ ಒಟ್ಟು ಖರ್ಚು ಎಷ್ಟೆಂಬುದನ್ನು ಮುಂದಿನ ಪ್ರಕಟಣೆಯಲ್ಲಿ ಮುದ್ರಿಸಿ ಎಂದು ಲಿಖಿತವಾಗಿ ಕೇಳಿಕೊಳ್ಳಿ.

ಇತಿ ವಂದನೆಗಳೊಂದಿಗೆ,
ತಮ್ಮ ಓದುಗ